ಲೈಪ್‌ಜಿಗ್‌ನಿಂದ ಭದ್ರಾವತಿಯವರೆಗೆ ಮನಸ್ಸಿನ ವಿಜ್ಞಾನ

ಶಿವಮೊಗ್ಗದ ಅಡಿಕೆ ಮಂಡಿಗಳಲ್ಲಿ ಮಾಲು ನೋಡಲು ಬರುವವರು ತಕ್ಕಡಿಗಿಂತ ಮೊದಲು ಕೈಯನ್ನು ನಂಬುತ್ತಾರೆ. ಚೀಲದೊಳಗೆ ಕೈಯಿಳಿಸಿ ಒಂದು ಬೊಗಸೆ ಎತ್ತುತ್ತಾರೆ, ಬಣ್ಣ ನೋಡುತ್ತಾರೆ, ಒಂದೆರಡನ್ನು ಕತ್ತರಿಸಿ ಒಳಗನ್ನು ನೋಡುತ್ತಾರೆ. ರಾಶಿಯೋ ಬೆಟ್ಟೆಯೋ ಗೊರಬಲೋ ಎಂದು ನಿಂತಲ್ಲೇ ಹೇಳುತ್ತಾರೆ. ವರ್ಷಗಟ್ಟಲೆ ಪಳಗಿದ ಕೈ ಅದು. ಆದರೂ ಅದಕ್ಕೊಂದು ಮಿತಿಯಿದೆ. ಕಣ್ಣು ಮುಚ್ಚಿ 40 ಗ್ರಾಂ ಅಡಿಕೆ ಎತ್ತಿ ಹಿಡಿದವರಿಗೆ ಇನ್ನೊಂದು ಗ್ರಾಂ ಸೇರಿಸಿದರೆ ಭಾರ ಹೆಚ್ಚಿದ್ದು ಹೆಚ್ಚುಕಡಿಮೆ ಗೊತ್ತಾಗುತ್ತದೆ. ಕೈಯಲ್ಲಿ 400 ಗ್ರಾಂ ಇದ್ದರೆ ಅದೇ ಒಂದು ಗ್ರಾಂ ಗೊತ್ತೇ ಆಗುವುದಿಲ್ಲ. ಆಗ 10 ಗ್ರಾಂ ಸೇರಬೇಕು.

ಈ ಲೆಕ್ಕವನ್ನು ಮೊದಲು ಹಿಡಿದವರು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಅರ್ನ್ಸ್ಟ್ ವೇಬರ್. ಭಾರದ ವ್ಯತ್ಯಾಸ ತಿಳಿಯಬೇಕಾದರೆ ಕೈಯಲ್ಲಿರುವ ತೂಕದ ಸುಮಾರು ನಲವತ್ತನೇ ಒಂದು ಪಾಲಿನಷ್ಟಾದರೂ ಹೆಚ್ಚಬೇಕು ಎಂದು ಅವರು 1834ರ ಹೊತ್ತಿಗೆ ಕಂಡುಕೊಂಡಿದ್ದರು. ಕೇಳಲು ಸಣ್ಣ ಸಂಗತಿ. ಆದರೆ ಮನುಷ್ಯನೊಳಗಿನ ಅನುಭವಕ್ಕೂ ಒಂದು ನಿಯಮವಿದೆ, ಅದನ್ನು ಅಂಕಿಯಲ್ಲಿ ಬರೆಯಬಹುದು ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಸಾಕ್ಷಿ ಅದು. ಅದಕ್ಕೆ ಅರ್ಧ ಶತಮಾನ ಮೊದಲು, 1786ರಲ್ಲಿ, ಇಮ್ಯಾನುಯೆಲ್ ಕಾಂಟ್‌ನಂಥ ದೊಡ್ಡ ತತ್ವಜ್ಞಾನಿಯೇ ಮನಸ್ಸಿನ ಅಧ್ಯಯನ ನಿಜವಾದ ವಿಜ್ಞಾನ ಆಗಲಾರದು, ಅದಕ್ಕೆ ಗಣಿತ ಅನ್ವಯಿಸುವುದಿಲ್ಲ ಎಂದು ತೀರ್ಪು ಕೊಟ್ಟಿದ್ದ. ಆ ತೀರ್ಪನ್ನು ಸುಳ್ಳು ಮಾಡಿದ್ದು ಕೆಲವು ತೂಕದ ಕಲ್ಲುಗಳು.

ವೇಬರ್ ಹಾಕಿದ ದಾರಿಯಲ್ಲಿ ಅದೇ ಊರಿನ ಗುಸ್ತಾವ್ ಫೆಕ್ನರ್ 1860ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು. ಆ ಹೊತ್ತಿಗೆ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ಕಪ್ಪೆಯ ನರದಲ್ಲಿ ಸಂದೇಶ ಎಷ್ಟು ವೇಗವಾಗಿ ಹರಿಯುತ್ತದೆ ಎಂದು ಅಳೆದೂ ಆಗಿತ್ತು. ಹೆಲ್ಮ್‌ಹೋಲ್ಟ್ಸ್ ಬಳಿ ಸಹಾಯಕನಾಗಿ ದುಡಿದಿದ್ದ ವಿಲ್‌ಹೆಲ್ಮ್ ವುಂಟ್ 1879ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಮನಸ್ಸಿನ ಅಧ್ಯಯನಕ್ಕಾಗಿಯೇ ಒಂದು ಪ್ರಯೋಗಾಲಯ ತೆರೆದರು. ಮನೋವಿಜ್ಞಾನ ತನ್ನ ಜನ್ಮವರ್ಷವೆಂದು ಹೇಳಿಕೊಳ್ಳುವುದು ಈ 1879ನ್ನೇ.

ಅಲ್ಲಿ ನಡೆಯುತ್ತಿದ್ದುದು ಇಂಥ ಕೆಲಸ. ಒಂದು ಚೆಂಡು ಹಲಗೆಯ ಮೇಲೆ ಬೀಳುತ್ತದೆ. ಸದ್ದು ಕೇಳಿದ ಕೂಡಲೇ ಎದುರು ಕೂತವನು ಗುಂಡಿ ಒತ್ತಬೇಕು. ನಡುವಿನ ಸಮಯವನ್ನು ಕ್ರೋನೋಸ್ಕೋಪ್ ಎಂಬ ಯಂತ್ರ ಅಳೆಯುತ್ತದೆ, ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ. ಆಮೇಲೆ ಅದೇ ಪ್ರಯೋಗವನ್ನು ತುಸು ಬದಲಿಸಿ, ಸದ್ದು ಕೇಳಿತು ಎಂಬ ಅರಿವು ಮೂಡಿದ ಮೇಲೆ ಮಾತ್ರ ಒತ್ತಬೇಕು ಎನ್ನುತ್ತಾರೆ. ಈಗ ಎರಡರಷ್ಟು ಸಮಯ ಹಿಡಿಯುತ್ತದೆ. ಹಾಗಾದರೆ ಹೆಚ್ಚಾದ ಆ ಹತ್ತನೇ ಒಂದು ಸೆಕೆಂಡು ಎಲ್ಲಿಗೆ ಹೋಯಿತು? ಅರಿವು ಹುಟ್ಟಲು ಹಿಡಿದ ಸಮಯ ಅದು. ಸಾವಿರಾರು ವರ್ಷ ಜ್ಞಾನಿಗಳು ಚಿಂತಿಸಿದ ವಿಷಯವನ್ನು ಒಂದು ಮುಳ್ಳಿನ ಯಂತ್ರ ತೋರಿಸಿಕೊಟ್ಟಿತ್ತು.

ಮನಸ್ಸಿನ ಚಿಂತನೆ ಭಾರತಕ್ಕೆ ಹೊಸದೇನಲ್ಲ. ಯೋಗದಲ್ಲಿ, ಬೌದ್ಧ ಗ್ರಂಥಗಳಲ್ಲಿ, ನಮ್ಮ ವಚನಕಾರರಲ್ಲಿ ಮನಸ್ಸಿನ ಬಗೆಗಿನ ಒಳನೋಟಗಳು ಎಷ್ಟೋ ಇವೆ. ವಿಜ್ಞಾನ ಕೇಳಿದ ಬೆಲೆ ಬೇರೆ: ಒಬ್ಬರು ಕಂಡದ್ದನ್ನು ಇನ್ನೊಬ್ಬರು ಇನ್ನೊಂದು ಊರಿನಲ್ಲಿ ಮತ್ತೆ ಮಾಡಿ ನೋಡುವಂತಿರಬೇಕು, ತಪ್ಪಿದ್ದರೆ ತಪ್ಪೆಂದು ಸಿಕ್ಕಿಬೀಳುವಂತಿರಬೇಕು.

ಈ ಹೊಸ ವಿದ್ಯೆ ಕನ್ನಡ ನಾಡಿಗೆ ಬಂದ ಬಗೆ ಬಹಳ ಜನರಿಗೆ ಗೊತ್ತಿಲ್ಲ. ಕೋಲ್ಕತ್ತಾ ವಿಶ್ವವಿದ್ಯಾಲಯಕ್ಕೆ 1905ರಲ್ಲೇ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮ ರೂಪಿಸಿದವರು ತತ್ವಜ್ಞಾನಿ ಬ್ರಜೇಂದ್ರನಾಥ ಸೀಲ್. ಅಲ್ಲಿ 1916ರಲ್ಲಿ ದೇಶದ ಮೊದಲ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದೇ ಸೀಲ್ 1921ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು. ಅವರ ಕಾಲದಲ್ಲಿ, 1924ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ತಲೆಯೆತ್ತಿತು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಅವರ ಗುರು ಚಾರ್ಲ್ಸ್ ಸ್ಪಿಯರ್‌ಮನ್. ಆ ಸ್ಪಿಯರ್‌ಮನ್ ಡಾಕ್ಟರೇಟ್ ಪಡೆದದ್ದು ಲೈಪ್‌ಜಿಗ್‌ನಲ್ಲಿ, ವುಂಟ್ ಅವರ ಬಳಿ. ಅಂದರೆ ಮನೋವಿಜ್ಞಾನದ ಮೂಲಪುರುಷನಿಗೂ ಮೈಸೂರಿನ ಪ್ರಯೋಗಾಲಯಕ್ಕೂ ನಡುವೆ ಇದ್ದದ್ದು ಒಬ್ಬರೇ ಒಬ್ಬ ಗುರು. ಇದೇ ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದರು. ಆ ಕೇಂದ್ರವೇ ಮೈಸೂರಿನ ಆಕಾಶವಾಣಿ. ಮುಂದೆ ಇಡೀ ದೇಶದ ಬಾನುಲಿ ಆ ಹೆಸರನ್ನು ಪಡೆಯಿತು. ಮನಶ್ಶಾಸ್ತ್ರದ ಮೇಷ್ಟರೊಬ್ಬರು ಜನರ ಕಿವಿಗೆ ತಲುಪುವ ದಾರಿ ಹುಡುಕಿದ್ದು ಆಶ್ಚರ್ಯವೇನಲ್ಲ.

ಆ ಕಾಲದ ಮೈಸೂರು ಸಂಸ್ಥಾನದ ಹುರುಪು ನೆನೆದರೆ ಮೈ ಜುಮ್ಮೆನ್ನುತ್ತದೆ. ಹಳೆಯ ಬೆಂಕಿಪುರ, ಅಂದರೆ ಭದ್ರಾವತಿಯಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಗಿ, 1923ರಲ್ಲಿ ಇದ್ದಿಲಿನಿಂದ ಕಬ್ಬಿಣ ಕರಗಿಸುವ ಬ್ಲಾಸ್ಟ್ ಫರ್ನೇಸ್ ಉರಿಯತೊಡಗಿತು. ಮರುವರ್ಷವೇ ಮೈಸೂರಿನಲ್ಲಿ ಮನಸ್ಸಿನ ಪ್ರಯೋಗಾಲಯ. ಕಬ್ಬಿಣ ಎರಕ ಹೊಯ್ಯುವುದೂ ಮನಸ್ಸನ್ನು ಅರಿಯುವುದೂ ಒಂದೇ ನಾಡು ಕಟ್ಟುವ ಕೆಲಸದ ಭಾಗವೆಂದು ನಂಬಿದ್ದ ತಲೆಮಾರು ಅದು.

ವಿದ್ಯೆ ಬೆಳೆದಂತೆ ಅದರೊಳಗೆ ಜಗಳವೂ ಬೆಳೆಯಿತು. ಮನಸ್ಸನ್ನು ಎಲ್ಲಿಂದ ನೋಡಬೇಕು ಎಂಬುದೇ ಜಗಳದ ಮೂಲ. ವುಂಟ್ ಶಿಷ್ಯ ಟಿಚ್ನರ್ ಅನುಭವವನ್ನು ಬಿಡಿಬಿಡಿಯಾಗಿ ಒಡೆದು ಅದರ ಮೂಲಧಾತುಗಳನ್ನು ಪಟ್ಟಿಮಾಡಲು ಹೊರಟರು. ಅಮೆರಿಕದ ವಿಲಿಯಂ ಜೇಮ್ಸ್ 1890ರಲ್ಲಿ ಬರೆದ ಮಹಾಗ್ರಂಥದಲ್ಲಿ, ಮನಸ್ಸು ಏನು ಕೆಲಸಕ್ಕೆ ಬರುತ್ತದೆ, ಬದುಕಲು ಹೇಗೆ ನೆರವಾಗುತ್ತದೆ ಎಂದು ಕೇಳಿದರು. ಟಿಚ್ನರ್ ಪಂಥ ಅವರೊಂದಿಗೇ ಕರಗಿಹೋಯಿತು. ಜೇಮ್ಸ್ ಕೇಳಿದ ಪ್ರಶ್ನೆ ಇಂದಿಗೂ ಜೀವಂತವಾಗಿದೆ.

ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಹಿಡಿದ ದಾರಿ ಪ್ರಯೋಗಾಲಯದ್ದಲ್ಲ, ರೋಗಿಯ ಮಾತಿನದು. ನಾವು ಮಾಡುವುದರ ಹಿಂದೆ ನಮಗೇ ಗೊತ್ತಿಲ್ಲದ ಆಸೆ, ಭಯ, ಬಾಲ್ಯದ ಗಾಯಗಳು ಕೆಲಸ ಮಾಡುತ್ತವೆ ಎಂಬುದು ಅವರ ವಾದ. ಕೋಲ್ಕತ್ತಾದಲ್ಲಿ ಗಿರೀಂದ್ರಶೇಖರ ಬೋಸ್ 1922ರಲ್ಲೇ ಮನೋವಿಶ್ಲೇಷಣಾ ಸಂಘ ಕಟ್ಟಿ ಫ್ರಾಯ್ಡ್ ಜೊತೆ ಪತ್ರವ್ಯವಹಾರ ನಡೆಸಿದರು. ಫ್ರಾಯ್ಡ್ ಹೇಳಿದ್ದರಲ್ಲಿ ಎಷ್ಟೋ ಮಾತು ಪರೀಕ್ಷೆಗೆ ಸಿಗುವಂಥವಲ್ಲ, ಎಷ್ಟೋ ಮಾತು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಆದರೆ ರೋಗಿಯನ್ನು ಕೂರಿಸಿಕೊಂಡು ತಾಳ್ಮೆಯಿಂದ ಅವನ ಮಾತು ಕೇಳುವುದೇ ಚಿಕಿತ್ಸೆಯ ಭಾಗ ಎಂಬ ಪಾಠವನ್ನು ವೈದ್ಯಲೋಕಕ್ಕೆ ಕಲಿಸಿದ್ದು ಅವರೇ.

ಈ ಎಳೆ ಶಿವಮೊಗ್ಗಕ್ಕೆ ಬಂದದ್ದು ಸಿನಿಮಾ ಮೂಲಕ. ನಗರದಲ್ಲಿ ಮಾನಸ ನರ್ಸಿಂಗ್ ಹೋಮ್ ಕಟ್ಟಿದ ಮನೋವೈದ್ಯ ಡಾ. ಕಟೀಲು ಅಶೋಕ್ ಪೈ ಅವರಿಗೆ ಒಂದು ವಿಷಯ ಸ್ಪಷ್ಟವಾಗಿತ್ತು: ಆಸ್ಪತ್ರೆಯ ಬಾಗಿಲಿಗೆ ಬರುವ ಮೊದಲೇ ಜನ ಸೋತಿರುತ್ತಾರೆ. ‘ಹುಚ್ಚು’ ಎಂಬ ಹೆಸರು ಬಿದ್ದರೆ ಮನೆಯ ಮಾನ ಹೋಯಿತು, ಮಗಳ ಮದುವೆ ನಿಂತಿತು ಎಂಬ ಅಂಜಿಕೆ. ಆ ಅಂಜಿಕೆಗೆ ಔಷಧಿ ಚೀಟಿ ಬರೆಯಲಾಗುವುದಿಲ್ಲ. ಸುರೇಶ್ ಹೆಬ್ಳೀಕರ್ ನಿರ್ದೇಶಿಸಿದ ‘ಕಾಡಿನ ಬೆಂಕಿ’ (1988), ‘ಪ್ರಥಮ ಉಷಾಕಿರಣ’ (1990) ಚಿತ್ರಗಳ ಹಿಂದೆ ಅಶೋಕ್ ಪೈ ಇದ್ದರು. ದಾಂಪತ್ಯದೊಳಗೆ ಯಾರೂ ಬಾಯಿಬಿಟ್ಟು ಹೇಳದ ಮನಸ್ಸಿನ ತೊಡಕನ್ನು ‘ಕಾಡಿನ ಬೆಂಕಿ’ ತೆರೆಯ ಮೇಲೆ ತಂದಿತು. ಅತ್ಯುತ್ತಮ ಕನ್ನಡ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ಮನೋವೈದ್ಯರೊಬ್ಬರು ಕ್ಲಿನಿಕ್ಕಿನಿಂದ ಎದ್ದುಬಂದು ಟಾಕೀಸಿನಲ್ಲಿ ಪಾಠ ಹೇಳಿದ ಉದಾಹರಣೆ ಭಾರತದಲ್ಲಿ ಬಹಳ ಇಲ್ಲ. 2016ರಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ಕಾಲೇಜು ಶಿವಮೊಗ್ಗದಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದೆ.

ವೈದ್ಯರೇ ಜನರಿಗೆ ಮನಸ್ಸಿನ ಪಾಠ ಹೇಳುವ ಈ ಪರಂಪರೆ ಕನ್ನಡದಲ್ಲಿ ಇನ್ನೂ ಹಳೆಯದು. ‘ಕೊರವಂಜಿ’ ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ನಗೆಬರಹಕ್ಕೆ ಹೆಸರಾದವರು. ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದದ್ದು ಮಾತ್ರ ಮನೋರೋಗಗಳ ಕುರಿತ ‘ಮನಮಂಥನ’. ಡಾ. ಸಿ.ಆರ್. ಚಂದ್ರಶೇಖರ್ ನಿಮ್ಹಾನ್ಸ್‌ನಲ್ಲಿದ್ದುಕೊಂಡೇ ಮನಸ್ಸಿನ ಆರೋಗ್ಯದ ಬಗ್ಗೆ ನೂರಾರು ಕನ್ನಡ ಪುಸ್ತಕಗಳನ್ನು ಬರೆದು ಹಳ್ಳಿಹಳ್ಳಿಯ ಓದುಗರಿಗೆ ತಲುಪಿಸಿದರು.

ಫ್ರಾಯ್ಡ್ ಒಳಗೆ ಇಣುಕಿದರೆ, ಅಮೆರಿಕದ ಜಾನ್ ವಾಟ್ಸನ್ ಒಳಗೆ ಇಣುಕುವುದೇ ಬೇಡ ಎಂದರು. 1913ರ ಅವರ ವಾದ ಇಷ್ಟೇ: ಮನಸ್ಸು ಕಣ್ಣಿಗೆ ಕಾಣುವುದಿಲ್ಲ, ವರ್ತನೆ ಕಾಣುತ್ತದೆ, ವಿಜ್ಞಾನಕ್ಕೆ ಕಾಣುವುದು ಸಾಕು. ತಮ್ಮ ವಾದ ಸಾಧಿಸಲು 1920ರಲ್ಲಿ ಅವರು ಮಾಡಿದ ಪ್ರಯೋಗ ಇಂದು ಓದಿದರೆ ಸಂಕಟವಾಗುತ್ತದೆ. ಹನ್ನೊಂದು ತಿಂಗಳ ಮಗುವಿನ ಮುಂದೆ ಬಿಳಿ ಇಲಿ ಬಿಟ್ಟು, ಮಗು ಅದನ್ನು ಮುಟ್ಟಿದಾಗಲೆಲ್ಲ ಹಿಂದಿನಿಂದ ಕಬ್ಬಿಣದ ಸರಳಿಗೆ ಸುತ್ತಿಗೆಯಲ್ಲಿ ಬಡಿದರು. ಕೆಲವೇ ದಿನಗಳಲ್ಲಿ ಇಲಿ ಕಂಡರೆ ಸಾಕು, ಮಗು ಅಳತೊಡಗಿತು. ಆ ಭಯವನ್ನು ಕಳೆಯದೆಯೇ ಮಗುವನ್ನು ಕಳಿಸಿಕೊಟ್ಟರು. ಇಂಥ ಪ್ರಯೋಗಕ್ಕೆ ಇಂದು ಯಾವ ನೀತಿ ಸಮಿತಿಯೂ ಒಪ್ಪಿಗೆ ಕೊಡದು, ಕೊಡಲೂಬಾರದು. ಮೇರಿ ಕವರ್ ಜೋನ್ಸ್ ಎಂಬ ಮಹಿಳೆ 1924ರಲ್ಲಿ ತಿರುವುಮುರುವಾದ ಕೆಲಸ ಮಾಡಿದರು. ಮೊಲ ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಹುಡುಗನಿಗೆ ಇಷ್ಟದ ತಿಂಡಿ ಕೊಡುತ್ತ, ದೂರದಲ್ಲಿದ್ದ ಮೊಲವನ್ನು ದಿನದಿನಕ್ಕೆ ಹತ್ತಿರ ತಂದರು. ಕೊನೆಗೆ ಹುಡುಗ ಅದನ್ನು ಮುಟ್ಟಿ ಸವರಿದ. ಇಂದು ಲಿಫ್ಟ್‌ಗೆ, ಎತ್ತರಕ್ಕೆ, ನಾಯಿಗೆ ಹೆದರುವವರಿಗೆ ಕೊಡುವ ಚಿಕಿತ್ಸೆಯ ಬೇರು ಅಲ್ಲಿದೆ.

ವರ್ತನಾವಾದವನ್ನು ತುದಿಗೆ ಒಯ್ದವರು ಬಿ.ಎಫ್. ಸ್ಕಿನ್ನರ್. ಪಾರಿವಾಳಕ್ಕೆ ಪ್ರತಿ ಕುಕ್ಕಿಗೂ ಕಾಳು ಕೊಡುವ ಬದಲು, ಯಾವ ಕುಕ್ಕಿಗೆ ಸಿಗುತ್ತದೆಂದು ತಿಳಿಯದ ಹಾಗೆ ಆಗೊಮ್ಮೆ ಈಗೊಮ್ಮೆ ಕೊಟ್ಟರೆ ಅದು ಬಿಡುವಿಲ್ಲದೆ ಕುಕ್ಕುತ್ತದೆ. ಕಾಳು ನಿಲ್ಲಿಸಿದ ಮೇಲೂ ಬಹಳ ಹೊತ್ತು ಬಿಡುವುದಿಲ್ಲ. ನಮ್ಮ ಕಡೆ ಓಸಿ ಬರೆಸುವವರು ಸಾಲುಸಾಲಾಗಿ ಕಳೆದುಕೊಂಡರೂ ನಾಳೆಯ ನಂಬರಿಗೆ ಯಾಕೆ ಕಾಯುತ್ತಾರೆ, ಆನ್‌ಲೈನ್ ರಮ್ಮಿಯಲ್ಲಿ ಸಂಬಳ ಸುರಿದವರು ಯಾಕೆ ಬಿಡಲಾರರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಇಲ್ಲ. ಬುದ್ಧಿವಾದ ಹೇಳುವ ಮನೆಯವರು ಇದನ್ನು ತಿಳಿದಿರುವುದು ಒಳ್ಳೆಯದು. ಸಿಕ್ಕಿಕೊಂಡವನ ಕೊಬ್ಬು ಎಂದು ಬೈಯುವುದಕ್ಕಿಂತ ಆಟ ಕಟ್ಟಿರುವ ರೀತಿಯನ್ನು ನೋಡಬೇಕು.

ಹಾಗಂತ ಮನುಷ್ಯ ಪಾರಿವಾಳವಲ್ಲ. ನೆನಪು, ಗಮನ, ಭಾಷೆ, ಯೋಚನೆಗಳನ್ನು ಬಿಟ್ಟು ಮನೋವಿಜ್ಞಾನ ಮಾಡಲಾಗದು ಎಂದು ಹೇಳಿದ ಅರಿವಿನ ಪಂಥ 1950ರ ದಶಕದಲ್ಲಿ ಮೇಲೆದ್ದಿತು. ಅದರ ಹಿರಿಯಜ್ಜ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮರೆತದ್ದೆಷ್ಟು ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತದ್ದರಲ್ಲಿ ಹೆಚ್ಚು ಭಾಗ ಮೊದಲ ದಿನದೊಳಗೇ ಸೋರಿಹೋಗುತ್ತದೆ. ಒಂದೇ ಕೂತಲ್ಲಿ ಉರುಹೊಡೆದದ್ದಕ್ಕಿಂತ ದಿನಗಳ ಅಂತರ ಕೊಟ್ಟು ಮತ್ತೆ ಮತ್ತೆ ಓದಿದ್ದು ಉಳಿಯುತ್ತದೆ. ಪಿಯು ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವ ಮಕ್ಕಳಿಗೆ ನೂರನಲವತ್ತು ವರ್ಷಗಳಷ್ಟು ಹಳೆಯ ಈ ಸಂಗತಿ ಇನ್ನೂ ತಲುಪಿಲ್ಲ.

ಬುದ್ಧಿಯ ಅಳತೆಯಲ್ಲೂ ಕನ್ನಡಕ್ಕೆ ಪಾಲಿದೆ. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ರೂಪಿಸಿದ ಪರೀಕ್ಷೆ ಅಮೆರಿಕಕ್ಕೆ ಹೋಗಿ ಬದಲಾಯಿತು. ಅದನ್ನು ವಿ.ವಿ. ಕಾಮತ್ 1930ರ ದಶಕದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂದು ಇಂದಿಗೂ ಅದು ಚಾಲ್ತಿಯಲ್ಲಿದೆ. ಬುದ್ಧಿ ಬೆಳವಣಿಗೆ ಹಿಂದುಳಿದ ಮಕ್ಕಳಿಗೆ ಸರ್ಟಿಫಿಕೇಟು ಬೇಕಾದಾಗ ಎಷ್ಟೋ ತಾಯಂದಿರು ಈ ಹೆಸರನ್ನು ಕೇಳಿರುತ್ತಾರೆ. ಬಿನೆಯ ಉದ್ದೇಶ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಷ್ಟೇ ಆಗಿತ್ತು. ಆ ಸಂಖ್ಯೆಯನ್ನು ಮಗುವಿನ ಹಣೆಬರಹ ಮಾಡಿಕೊಂಡವರು ಆಮೇಲಿನವರು. ಅದು ಈ ವಿಜ್ಞಾನದ ಮೇಲಿರುವ ದೊಡ್ಡ ಕಳಂಕಗಳಲ್ಲಿ ಒಂದು.

ಮೆದುಳಿನ ದಾರಿ ಹಿಡಿದವರ ಕಥೆ ಶಿವಮೊಗ್ಗ ಜಿಲ್ಲೆಗೇ ಬಂದು ಮುಟ್ಟುತ್ತದೆ. 1952ರಲ್ಲಿ ಪ್ಯಾರಿಸ್‌ನ ವೈದ್ಯರು ಕ್ಲೋರ್‌ಪ್ರೊಮಜಿನ್ ಎಂಬ ಔಷಧಿಯನ್ನು ತೀವ್ರ ಮನೋರೋಗಿಗಳಿಗೆ ಕೊಟ್ಟು ಫಲ ಕಂಡ ಮೇಲೆ, ಸರಪಳಿ ಮತ್ತು ಬೀಗಗಳ ಕಾಲ ಹಿಂದೆ ಸರಿಯತೊಡಗಿತು. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯ ಜಾಗದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, ಮರುವರ್ಷ ಚಿಕಿತ್ಸಾ ಮನಶ್ಶಾಸ್ತ್ರದ ತರಬೇತಿ ಆರಂಭವಾಯಿತು, 1974ರಲ್ಲಿ ಎಲ್ಲ ಸೇರಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯ ವೈದ್ಯರು 2000ದ ದಶಕದಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಊರೂರು ತಿರುಗಿ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿದರು. ಔಷಧಿಯ ಮುಖವನ್ನೇ ಕಾಣದವರೂ ಅವರಲ್ಲಿದ್ದರು. ಚಿಕಿತ್ಸೆಯಲ್ಲಿದ್ದವರನ್ನೂ ಇಲ್ಲದವರನ್ನೂ ಒಂದು ವರ್ಷ ಹಿಂಬಾಲಿಸಿ ನೋಡಿದಾಗ, ಔಷಧಿ ತೆಗೆದುಕೊಂಡವರು ದಿನದ ಬಾಳಿಗೆ ಮರಳುವಲ್ಲಿ ಸುಧಾರಿಸಿದ್ದು ಕಂಡಿತು. ಉಳಿದವರು ಇದ್ದಲ್ಲೇ ಇದ್ದರು. ಆಸ್ಪತ್ರೆಯ ದಾಖಲೆಯಿಂದ ಇದು ತಿಳಿಯುವಂಥದ್ದಲ್ಲ, ಏಕೆಂದರೆ ಆಸ್ಪತ್ರೆಗೆ ಬಾರದವರು ದಾಖಲೆಯಲ್ಲೇ ಇರುವುದಿಲ್ಲ. ಮಲೆನಾಡಿನ ಒಂಟಿಮನೆಗಳ ದಾರಿ ಹಿಡಿದದ್ದರಿಂದ ಸಿಕ್ಕ ತಿಳಿವು ಅದು. ಮನೋವೈದ್ಯರ ಜಗತ್ತಿನಲ್ಲಿ ತೀರ್ಥಹಳ್ಳಿ ಇಂದು ಪರಿಚಿತ ಹೆಸರು.

ಇದೇ ಜಿಲ್ಲೆಯ ಹವ್ಯಕರ ಹಳ್ಳಿಯೊಂದು ಇನ್ನೊಂದು ದೃಷ್ಟಿಕೋನಕ್ಕೆ ಆಧಾರವಾಯಿತು. ವಿದ್ವಾಂಸರು ಅದಕ್ಕೆ ತೋಟಗದ್ದೆ ಎಂದು ಬದಲಿ ಹೆಸರಿಟ್ಟಿದ್ದಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾರ್ಪರ್ ಇಲ್ಲಿನ ಹವ್ಯಕರ ನಡುವೆ ಮೈಮೇಲೆ ಬರುವುದನ್ನು ಅಧ್ಯಯನ ಮಾಡಿ 1963ರಲ್ಲಿ ಬರೆದರು. ಗಂಡನ ಮನೆಗೆ ಹೊಸದಾಗಿ ಬಂದ, ಯಾರ ಮುಂದೆಯೂ ಬಾಯಿಬಿಡಲಾಗದ ಎಳೆಯ ಸೊಸೆಯಂದಿರಲ್ಲೇ ಅದು ಹೆಚ್ಚಾಗಿ ಕಾಣುತ್ತಿತ್ತು. 1960ರ ದಶಕದಲ್ಲೇ ಆ ಊರಿಗೆ ಬಂದ ಹೆಲೆನ್ ಉಲ್‌ರಿಚ್ ಮುಂದೆ ಮನೋವೈದ್ಯೆಯೂ ಆದರು. ದಶಕಗಟ್ಟಲೆ ಮತ್ತೆ ಮತ್ತೆ ಅಲ್ಲಿಗೆ ಬಂದು, ಅಜ್ಜಿ, ಮಗಳು, ಮೊಮ್ಮಗಳು ಎಂದು ತಲೆಮಾರುಗಳ ಬದುಕನ್ನು ನೋಡಿದರು. ಹೆಣ್ಣುಮಕ್ಕಳ ಓದು ಹೆಚ್ಚಿ, ಮದುವೆಯ ವಯಸ್ಸು ಮುಂದೆ ಹೋಗಿ, ಮನೆಯಲ್ಲಿ ಮಾತಿಗೆ ಬೆಲೆ ಬಂದಂತೆ ಅವರ ಖಿನ್ನತೆಯ ಚಿತ್ರವೂ ಬದಲಾದದ್ದನ್ನು ದಾಖಲಿಸಿದರು. 2017ರಲ್ಲಿ ಆ ಹೆಂಗಸರ ಬಗ್ಗೆ ಅವರ ಪುಸ್ತಕವೇ ಬಂತು. ತೀರ್ಥಹಳ್ಳಿಯ ಅಧ್ಯಯನ ಮೆದುಳಿಗೆ ಔಷಧಿ ಬೇಕು ಎಂದರೆ, ತೋಟಗದ್ದೆಯದು ಮನೆಯೊಳಗಿನ ಗಾಳಿಯೂ ಬದಲಾಗಬೇಕು ಎನ್ನುತ್ತದೆ. ಎರಡೂ ನಿಜ. ಒಂದೇ ದೃಷ್ಟಿಕೋನಕ್ಕೆ ಅಂಟಿಕೊಂಡ ಮನೋವಿಜ್ಞಾನ ಅರ್ಧ ಕುರುಡು.

ಮ್ಯಾಸ್ಲೊ, ಕಾರ್ಲ್ ರೋಜರ್ಸ್ ಅವರ ಮಾನವತಾವಾದಿ ಪಂಥವನ್ನೂ ಇಲ್ಲಿ ಹೆಸರಿಸಬೇಕು. ರೋಗವನ್ನಷ್ಟೇ ನೋಡಬೇಡಿ, ಮನುಷ್ಯ ಅರಳುವ ಬಗೆಯನ್ನೂ ನೋಡಿ ಎಂದವರು ಅವರು. ಇಂದಿನ ಆಪ್ತಸಮಾಲೋಚಕರು ತೀರ್ಪು ಕೊಡದೆ ಕೇಳಿಸಿಕೊಳ್ಳುವುದನ್ನು ಕಲಿತದ್ದು ರೋಜರ್ಸ್ ಅವರಿಂದ.

ಇನ್ನು ಈ ವಿಜ್ಞಾನದ ದೌರ್ಬಲ್ಯದ ಮಾತು. ಪ್ರಕಟವಾದ 100 ಮನಶ್ಶಾಸ್ತ್ರ ಪ್ರಯೋಗಗಳನ್ನು ಸಂಶೋಧಕರ ದೊಡ್ಡ ತಂಡವೊಂದು ಮತ್ತೆ ಮಾಡಿ ನೋಡಿ 2015ರಲ್ಲಿ ಫಲಿತಾಂಶ ಹೊರಹಾಕಿತು. ಹಳೆಯ ಫಲ ಮತ್ತೆ ಸಿಕ್ಕಿದ್ದು ಸುಮಾರು ಮೂರನೇ ಒಂದರಷ್ಟರಲ್ಲಿ ಮಾತ್ರ. ಅದಕ್ಕೂ ಮೊದಲು, 2008ರಲ್ಲಿ, ಅಮೆರಿಕದ ಪ್ರಮುಖ ಪತ್ರಿಕೆಗಳ ಅಧ್ಯಯನಗಳನ್ನು ಎಣಿಸಿ ನೋಡಿದಾಗ ಪ್ರಯೋಗಕ್ಕೆ ಒಳಗಾದವರಲ್ಲಿ ಶೇ. 96ರಷ್ಟು ಜನ ಜಗತ್ತಿನ ಶೇ. 12ರಷ್ಟು ಜನಸಂಖ್ಯೆಯಿರುವ ಪಶ್ಚಿಮದ ದೇಶಗಳವರು ಎಂದು ತಿಳಿದಿತ್ತು. ಅವರಲ್ಲಿ ಅನೇಕರು ಕಾಲೇಜು ವಿದ್ಯಾರ್ಥಿಗಳು. ಅವರ ಮನಸ್ಸನ್ನೇ ಮನುಷ್ಯನ ಮನಸ್ಸು ಎಂದು ಪಠ್ಯಪುಸ್ತಕಗಳು ಬರೆದುಕೊಂಡು ಬಂದಿವೆ. ತನ್ನ ತಪ್ಪನ್ನು ತಾನೇ ಎಣಿಸಿ ಹೇಳಿದ್ದು ಮನೋವಿಜ್ಞಾನ ನಿಜಕ್ಕೂ ವಿಜ್ಞಾನ ಎಂಬುದಕ್ಕೆ ಸಾಕ್ಷಿಯೂ ಹೌದು. ಆದರೆ ಕೊರತೆ ತುಂಬಬೇಕಾದವರು ಯಾರು? ನಮ್ಮ ಜನರನ್ನು ನಮ್ಮವರೇ ಅಧ್ಯಯನ ಮಾಡಬೇಕು.

ಶಿವಮೊಗ್ಗದಿಂದ 20 ಕಿಲೋಮೀಟರಿನೊಳಗಿರುವ ಭದ್ರಾವತಿ ಈ ಮಾತಿನ ತುರ್ತನ್ನು ತೋರಿಸುತ್ತದೆ. ಒಂದು ಕಾಲಕ್ಕೆ ಈ ಊರಿನ ದಿನ ನಡೆಯುತ್ತಿದ್ದದ್ದು ಕಾರ್ಖಾನೆಯ ಪಾಳಿಗಳ ಲೆಕ್ಕದಲ್ಲಿ. ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು, ನೈಟ್ ಶಿಫ್ಟು. ಅಡುಗೆಯೂ ನಿದ್ದೆಯೂ ಅದಕ್ಕೆ ಹೊಂದಿಕೊಂಡಿದ್ದವು. ಕಬ್ಬಿಣ ಕಾರ್ಖಾನೆಯವರಿಗೆ ನ್ಯೂ ಟೌನ್, ಕಾಗದ ಕಾರ್ಖಾನೆಯವರಿಗೆ ಪೇಪರ್ ಟೌನ್. 1930ರ ದಶಕದಲ್ಲಿ ಹುಟ್ಟಿ ನ್ಯೂಸ್‌ಪ್ರಿಂಟ್‌ವರೆಗೆ ಬೆಳೆದ ಕಾಗದ ಕಾರ್ಖಾನೆ ಎಂಪಿಎಂನಲ್ಲಿ 2015ರಲ್ಲಿ ಯಂತ್ರಗಳು ನಿಂತವು. ಕಾರ್ಮಿಕರು ವಿಆರ್‌ಎಸ್ ಪಡೆದು ಹೊರಬಂದರು. ಕಬ್ಬಿಣ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು, ಗುತ್ತಿಗೆ ಕಾರ್ಮಿಕರು ಧರಣಿ ಕೂತರು, ಅದೇ ವರ್ಷ ಬಾರ್ ಮಿಲ್ ಮತ್ತೆ ಚಾಲೂ ಆಯಿತು. ಈ ಬಗ್ಗೆ ನಷ್ಟದ ಲೆಕ್ಕ, ಬಂಡವಾಳದ ಲೆಕ್ಕ, ರಾಜಕೀಯದ ಲೆಕ್ಕ ಬೇಕಾದಷ್ಟು ಬರೆಯಲಾಗಿದೆ. ಮನಸ್ಸಿನ ಲೆಕ್ಕ?

ಅದನ್ನು ಬರೆಯುವುದು ಹೇಗೆಂದು ಆಸ್ಟ್ರಿಯಾದ ಮರಿಯೆಂತಾಲ್ ಎಂಬ ಸಣ್ಣ ಊರು ತೋರಿಸಿದೆ. ಆ ಊರಿಗೆ ಅನ್ನ ಹಾಕುತ್ತಿದ್ದ ಬಟ್ಟೆ ಗಿರಣಿ 1929–30ರಲ್ಲಿ ಮುಚ್ಚಿತು. ವಿಯೆನ್ನಾದಿಂದ ಮಾರಿ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಮತ್ತು ಅವರ ಗೆಳೆಯರು ಅಲ್ಲಿಗೆ ಹೋಗಿ 478 ಕುಟುಂಬಗಳ ಬದುಕನ್ನು ದಾಖಲಿಸಿದರು. ಪ್ರಶ್ನಾವಳಿ ಹಿಡಿದು ಮನೆಮನೆ ಕಾಡುವುದು ಅವರಿಗೆ ಬೇಡವಾಗಿತ್ತು. ಊರಿಗೆ ಏನಾದರೂ ಉಪಯೋಗವಾಗುವ ಕೆಲಸ ಮಾಡುತ್ತಲೇ ಮಾಹಿತಿ ಪಡೆಯಬೇಕೆಂದು ನಿಯಮ ಹಾಕಿಕೊಂಡು, ಬಟ್ಟೆ ಹಂಚಿದರು, ವೈದ್ಯರನ್ನು ಕರೆತಂದರು, ಹೊಲಿಗೆ ತರಗತಿ ನಡೆಸಿದರು.

ಅವರಿಗೆ ಕಂಡದ್ದು ಯಾರೂ ಎಣಿಸಿರದ ಚಿತ್ರ. ಕೆಲಸ ಹೋದ ಮೇಲೆ ಬಿಡುವು ಹೆಚ್ಚಿತು, ಗ್ರಂಥಾಲಯದ ಶುಲ್ಕವನ್ನೂ ತೆಗೆದುಹಾಕಿದ್ದರು. ಆದರೂ ಜನ ಪುಸ್ತಕ ಒಯ್ಯುವುದು ಎರಡು ವರ್ಷದಲ್ಲಿ ಅರ್ಧಕ್ಕೆ ಇಳಿಯಿತು. ಕಿಟಕಿಯ ಹಿಂದೆ ಗಡಿಯಾರ ಹಿಡಿದು ಕೂತು ಮುಖ್ಯರಸ್ತೆಯಲ್ಲಿ ನಡೆಯುವವರನ್ನು ಎಣಿಸಿದರು. ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ಮತ್ತೆ ಮತ್ತೆ ನಿಲ್ಲುತ್ತಿದ್ದರು. ಹೆಂಗಸರಿಗೆ ಮನೆಗೆಲಸ ಹಾಗೇ ಇತ್ತು, ಅವರ ನಡಿಗೆ ಬಿರುಸಾಗಿತ್ತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಏನು ಮಾಡಿದಿರಿ ಎಂದು ಬರೆದುಕೊಡಿ ಎಂದರೆ ಗಂಡಸರಿಗೆ ನೆನಪಾಗುತ್ತಿರಲಿಲ್ಲ. ಎಷ್ಟೋ ಜನ ಕೈಗಡಿಯಾರ ಕಟ್ಟುವುದನ್ನೇ ಬಿಟ್ಟಿದ್ದರು. 1933ರಲ್ಲಿ ಪುಸ್ತಕ ಬಂತು. ನಾಜಿಗಳು ಅದನ್ನು ಹತ್ತಿಕ್ಕಿದರು, ಯಹೋಡಾ ಜೈಲು ಕಂಡು ದೇಶ ಬಿಟ್ಟರು. ಮುಂದೆ ಇಂಗ್ಲೆಂಡಿನಲ್ಲಿ ಅವರು ಇದರ ಸಾರವನ್ನು ಬಿಡಿಸಿ ಹೇಳಿದರು: ಕೆಲಸ ಸಂಬಳವನ್ನಷ್ಟೇ ಕೊಡುವುದಿಲ್ಲ, ದಿನಕ್ಕೆ ಒಂದು ಕಟ್ಟು, ಮನೆಯಾಚೆಯ ನಂಟು, ಎಲ್ಲರೊಂದಿಗೆ ಸೇರಿ ಏನೋ ಮಾಡುತ್ತಿದ್ದೇವೆಂಬ ಭಾವ, ನಾಲ್ಕು ಜನರಲ್ಲಿ ಗುರುತು, ಕೈಕಾಲಿಗೆ ನಿತ್ಯದ ಚಟುವಟಿಕೆ ಇವೆಲ್ಲವನ್ನೂ ಕೊಡುತ್ತದೆ. ಪರಿಹಾರದ ಹಣ ಬ್ಯಾಂಕಿಗೆ ಬಂದರೂ ಈ ಐದು ಮರಳುವುದಿಲ್ಲ.

ಭದ್ರಾವತಿಗೂ ಅಂಥದೊಂದು ಪುಸ್ತಕ ಬೇಕು, ಕನ್ನಡದಲ್ಲಿ ಬೇಕು. 1987ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾಲಯ ಇರುವುದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲೇ. ಮನಶ್ಶಾಸ್ತ್ರ ಓದುವ ಹುಡುಗ ಹುಡುಗಿಯರು ಶಿವಮೊಗ್ಗದಲ್ಲಿದ್ದಾರೆ. ಮನೋವೈದ್ಯರಿರುವ ವೈದ್ಯಕೀಯ ಕಾಲೇಜು ಮೆಗ್ಗಾನ್ ಆಸ್ಪತ್ರೆಯಲ್ಲಿದೆ. ಬೇಕಾದದ್ದು ದುಬಾರಿ ಯಂತ್ರಗಳೇನಲ್ಲ. ನೋಟ್‌ಬುಕ್ಕು, ಕೈಗಡಿಯಾರ, ಸಂಕೋಚವಿಲ್ಲದೆ ಜಗಲಿಯಲ್ಲಿ ಕೂತು ಕೇಳುವ ವ್ಯವಧಾನ. ಕೇಳುವವರು ಯಹೋಡಾ ಹಾಕಿಕೊಟ್ಟ ನಿಯಮ ಮರೆಯಬಾರದು, ಊರಿನಿಂದ ಪಡೆಯುವ ಮೊದಲು ಊರಿಗೆ ಏನಾದರೂ ಕೊಡಬೇಕು. ಫರ್ನೇಸಿನ ಮುಂದೆ, ಕಾಗದದ ಯಂತ್ರದ ಪಕ್ಕ ದುಡಿದವರಲ್ಲಿ ಎಷ್ಟೋ ಜನರಿಗೆ ವಯಸ್ಸಾಗಿದೆ. ಈ ಕೆಲಸವನ್ನು ಇನ್ನು ಹತ್ತು ವರ್ಷಕ್ಕೆ ಮುಂದೂಡಿದರೆ ಹೇಳುವವರು ಇರುವುದಿಲ್ಲ.

ಅಧ್ಯಯನಕ್ಕೆ ಕಾಯಲಾಗದವರೂ ಇದ್ದಾರೆ. ನಿದ್ದೆ ಬಾರದೆ, ಯಾರೊಂದಿಗೂ ಮಾತು ಬೇಡವಾಗಿ, ಬದುಕೇ ಸಾಕೆನಿಸಿ ಕೂತವರು ಮನೆಯಲ್ಲಿದ್ದರೆ ಟೆಲಿ–ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸರ್ಕಾರಿ ಸೇವೆ ದಿನದ 24 ಗಂಟೆಯೂ ಇದೆ, ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು.